ಹೊಸ್ತಿಲ ಒಬ್ಬಟ್ಟು

ನಾನು ಒಮ್ಮೆ ಬೀದಿಗೆಲ್ಲ ಸುಳ್ಳು ಒಬ್ಬಟ್ಟು ಹಂಚಿದ್ದೇನೆ. ಒಬ್ಬಟ್ಟಿನಲ್ಲಿ ಸುಳ್ಳೇನೂ ಇರಲಿಲ್ಲ. ತೊಗರಿಬೇಳೆ, ನಮ್ಮ ಕಡೆಯ ಆಲೆಮನೆ ಬೆಲ್ಲ, ಏಲಕ್ಕಿ ಎಲ್ಲವೂ ಹದವಾಗಿಯೇ ಬಿದ್ದಿದ್ದವು, ತುಪ್ಪಕ್ಕೂ ಕೈ ಹಿಡಿದಿರಲಿಲ್ಲ. ಸುಳ್ಳು ಇದ್ದದ್ದು ಹಂಚಿದ ಕಾರಣದಲ್ಲಿ. ಮದ್ದೂರಿನ ನಮ್ಮ ಬೀದಿಯ ಹನ್ನೆರಡು ಮನೆಯವರು ಅದನ್ನು ತಿಂದು, ನನ್ನ ಮೊಮ್ಮಗಳಿಗೆ ಒಳ್ಳೆಯದಾಗಲಿ ಎಂದು ಹಾರೈಸಿದರು. ಆ ಹಾರೈಕೆ ಸುಳ್ಳಾಗಲಿಲ್ಲ ಎನ್ನುವ ಧೈರ್ಯದ ಮೇಲೆ ಈಗ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ನಮ್ಮ ಮನೆತನದಲ್ಲಿ ಮಗುವಿನ ಬೆಳವಣಿಗೆಯನ್ನು ಅಳೆಯುವುದು ಅಡುಗೆಮನೆಯಲ್ಲಿ. ಮಗು ಬೋರಲು ಬಿದ್ದರೆ ದೋಸೆ, ನೆಟ್ಟಗೆ ಕೂತರೆ ಕಡುಬು, ಹೊಸ್ತಿಲು ದಾಟಿದರೆ ಒಬ್ಬಟ್ಟು. ದೋಸೆ ಕಡುಬುಗಳನ್ನು ಮನೆಯವರೇ ತಿಂದು ಮುಗಿಸಬಹುದು, ಒಬ್ಬಟ್ಟನ್ನು ಮಾತ್ರ ಬೀದಿಗೆ ಹಂಚಲೇಬೇಕು. ಅಂಗನವಾಡಿಯವರು ಕೊಟ್ಟ ತೂಕದ ಕಾರ್ಡು ಬೀರುವಿನೊಳಗೆ ಗುಟ್ಟಾಗಿರುತ್ತದೆ. ಒಬ್ಬಟ್ಟು ಹಾಗಲ್ಲ, ಬಂದರೂ ಸುದ್ದಿ, ಬಾರದಿದ್ದರೆ ಇನ್ನೂ ದೊಡ್ಡ ಸುದ್ದಿ.

ನಮ್ಮ ಪುಟ್ಟಿಯ ದೋಸೆ ಆಗಿತ್ತು, ಕಡುಬು ಆಗಿತ್ತು. ಸಾಮಾನ್ಯವಾಗಿ ಮಕ್ಕಳು ಅಂಬೆಗಾಲಿನಲ್ಲೇ ಹೊಸ್ತಿಲು ದಾಟಿಬಿಡುತ್ತವೆ. ಇವಳು ಅಂಬೆಗಾಲು ಇಡಲೇ ಇಲ್ಲ. ಹದಿನಾಲ್ಕು ತಿಂಗಳಾದರೂ ಕೂರಿಸಿದಲ್ಲೇ ಕೂತು, ಬೇಕಾದ್ದನ್ನು ಕಣ್ಣಲ್ಲೇ ತೋರಿಸಿ, ಎರಡೂ ಕೈಯನ್ನು ನೇರವಾಗಿ ಮೇಲೆತ್ತುತ್ತಿದ್ದಳು. ಎತ್ತಿಕೊಳ್ಳಿ ಎಂದು ಅರ್ಥ. ಅವಳಿಗೆ ಗೊತ್ತಿದ್ದ ವ್ಯಾಯಾಮ ಅದೊಂದೇ, ಅದನ್ನು ಕಲಿಸಿದವಳು ನಾನೇ.

ನಾನು ಯಾರೆಂದು ಹೇಳಿದರೆ ನೀವು ನಗುತ್ತೀರಿ. ನಿಡಘಟ್ಟದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರಾಗಿದ್ದು ನಿವೃತ್ತಳಾದವಳು. ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಊರ ಮಕ್ಕಳನ್ನೆಲ್ಲ ಓಡಿಸಿದ್ದೇನೆ, ಹಾರಿಸಿದ್ದೇನೆ, ಖೊಖೊ ತಂಡವನ್ನು ಜಿಲ್ಲಾ ಮಟ್ಟಕ್ಕೆ ಕರೆದೊಯ್ದಿದ್ದೇನೆ. "ಮಕ್ಕಳು ಮಣ್ಣಿಗೆ ಬೀಳಬೇಕು, ಆಗಲೇ ಮೂಳೆ ಗಟ್ಟಿಯಾಗೋದು" ಎಂದು ಪೋಷಕರ ಸಭೆಯಲ್ಲಿ ಭಾಷಣ ಮಾಡಿದ್ದೇನೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಗೆ ಬಿತ್ತಂತೆ. ನನ್ನ ಮೊಮ್ಮಗಳ ಪಾದಕ್ಕೆ ಮಾತ್ರ ಹದಿನಾಲ್ಕು ತಿಂಗಳು ನೆಲ ತಾಕಲು ಬಿಡಲಿಲ್ಲ.

ಅದಕ್ಕೊಂದು ಹಳೆಯ ಕಾರಣವಿದೆ. ನನ್ನ ಮಗ ಎಂಟು ತಿಂಗಳವನಾಗಿದ್ದಾಗ ಅಂಬೆಗಾಲಿಟ್ಟುಕೊಂಡು ಹೋಗಿ ಜಗಲಿಯಿಂದ ಉರುಳಿ ಹುಬ್ಬು ಒಡೆದುಕೊಂಡಿದ್ದ. ನಾನಾಗ ಶಾಲೆಯಲ್ಲಿ ಯಾರದೋ ಮಕ್ಕಳಿಗೆ ಉದ್ದಜಿಗಿತ ಹೇಳಿಕೊಡುತ್ತಿದ್ದೆ. ನನ್ನ ಅತ್ತೆ ಸಾಯುವವರೆಗೂ ಆ ಗಾಯದ ಗುರುತನ್ನು ಬೆರಳಲ್ಲಿ ಮುಟ್ಟಿ ತೋರಿಸಿ, "ಊರ್ ಮಕ್ಳ್ನ ಕುಣ್ಸಕ್ ಓಯ್ತಾಳೆ, ತಾನ್ ಎತ್ತ್ ಮಗ ಏನಾದ್ರೇನು" ಎನ್ನುತ್ತಿದ್ದರು. ಮಗ ಈಗ ಸೋಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ, ಸೊಸೆ ಸವಿತಾ ಮಳವಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರು. ಬೆಳಗ್ಗೆ ಎಂಟಕ್ಕೆ ಬಸ್ಸು ಹತ್ತುವ ಮೊದಲು ಮಗುವನ್ನು ನನ್ನ ಕೈಗೆ ಕೊಟ್ಟು ಹೋಗುತ್ತಾಳೆ. ಈ ಸಲ ಹುಬ್ಬಿಗೆ ಗುರುತು ಬೀಳಕೂಡದು ಎಂದು ಶಪಥ ಮಾಡಿದ್ದೆ. ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಅನ್ನಕ್ಕಿಟ್ಟೆ, ಹೂ ಬಿಡಿಸಿದೆ, ಹಾಲಿನವನೊಂದಿಗೆ ಜಗಳವಾಡಿದೆ. ನನ್ನ ಸೊಂಟ ಒಂದು ಕಡೆಗೆ ವಾಲಿತೇ ವಿನಾ ಮಗುವಿನ ಕಾಲು ನೆಟ್ಟಗಾಗಲಿಲ್ಲ.

ಎದುರುಮನೆಯ ರತ್ನಮ್ಮ ಬಾಯಿ ಕಟ್ಟಿಕೊಳ್ಳುವ ಹೆಂಗಸಲ್ಲ. ವಾರಕ್ಕೆರಡು ಸಲ ಗೇಟಿನ ಮೇಲೆ ಮೊಣಕೈ ಊರಿ, "ಏನ್ ಮೇಡಮ್ಮೋರೆ, ನಿಮ್ಮನೆ ಒಬ್ಬಟ್ಟು ಇನ್ನೂ ಬರ್ನೇ ಇಲ್ವಲ್ಲ. ಬ್ಯಾಳೆ ಬೇಯ್ನಿಲ್ವಾ?" ಎಂದು ಕೇಳುತ್ತಿದ್ದರು. ಕೇಳುವಾಗ ಅವರ ಕಣ್ಣು ಮಗುವಿನ ಕಾಲಿನ ಮೇಲೆ ಇರುತ್ತಿತ್ತು. ಹಗಲಲ್ಲಿ ನಕ್ಕು ತಳ್ಳಿಹಾಕಿದರೂ ರಾತ್ರಿ ಎದೆಯೊಳಗೆ ಮುಳ್ಳಾಡುತ್ತಿತ್ತು. ನಿಜ ಹೇಳುತ್ತೇನೆ, ಮಗುವಿನ ಕಾಲಿನಲ್ಲೇ ಏನಾದರೂ ಕೊರತೆ ಇದೆಯೇನೋ ಎಂಬ ಭಯ ನನಗೂ ಹುಟ್ಟಿತ್ತು. ಸವಿತಾಳಿಗೂ ಹುಟ್ಟಿತ್ತು. ಬಸ್ಸಿಳಿದು ಬಂದವಳು ಕೈಕಾಲು ತೊಳೆದು ಮಗುವಿನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೀವುತ್ತಿದ್ದಳು. ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

ಒಂದು ಗುರುವಾರ ರತ್ನಮ್ಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ನಮ್ಮ್ ಸಂಬಂದಿಕ್ರಲ್ಲಿ ಒಂದ್ ಮಗ ಹಿಂಗೇ ಇತ್ತು, ಆಮೇಕೆ ನಡೀನೇ ಇಲ್ಲ" ಎಂದುಬಿಟ್ಟರು. ನನಗೆ ರೋಷ ಉಕ್ಕಿತು. ಒಳಗೆ ಹೋದವಳೇ ಬೇಳೆ ಬೇಯಲಿಟ್ಟೆ. ಒಬ್ಬಟ್ಟು ತಟ್ಟಿ ಮುಗಿಸಿ, ಮಗುವಿನ ಎರಡು ಕಂಕುಳಿಗೂ ಕೈ ಕೊಟ್ಟು, ಪಾದ ಹೊಸ್ತಿಲಿಗೆ ತಾಗಿದಂತೆ ಮಾಡಿ, ಈಚೆಯಿಂದ ಆಚೆಗೆ ಇಳಿಸಿದೆ. ದಾಟಿಸಿದ್ದು ನಾನು, ದಾಟಿದವಳು ಅವಳೆಂದು ಬೀದಿಗೆ ಹೇಳಿದೆ. ಓಟದಲ್ಲಿ ಗೆರೆ ತುಳಿದ ಮಕ್ಕಳನ್ನು ಮುಲಾಜಿಲ್ಲದೆ ಹೊರಗೆ ನಿಲ್ಲಿಸಿದ ಪಿ.ಟಿ. ಟೀಚರು ಮಾಡಿದ ಕೆಲಸ ಇದು.

ಬೀದಿಯ ಬಾಯಿ ಮುಚ್ಚಿಸುವ ಆತುರದಲ್ಲಿ ಆ ಬೀದಿಯಲ್ಲೇ ಸೊಸೆ ನಡೆದು ಬರಬೇಕು ಎನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಸಂಜೆ ಸವಿತಾ ಓಡಿಬಂದಳು. ಸೆರಗು ಜಾರಿತ್ತು, ಬ್ಯಾಗು ಮೊಣಕೈಗೆ ಇಳಿದಿತ್ತು.

"ಅತ್ತೆ, ನಿಜ್ವಾಗ್ಲೂ ದಾಟುದ್ಲಾ? ರತ್ನಮ್ಮೋರು ಹೇಳುದ್ರು. ಅಯ್ಯೋ, ನಾನ್ ಇರ್ಲಿಲ್ವಲ್ಲ ಅತ್ತೆ!"

ಅಳುತ್ತಿದ್ದಳು, ನಗುತ್ತಿದ್ದಳು. ಅಲ್ಲೇ ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತು, "ಬಾ ಕಂದ, ನಂಗೊಂದ್ಸಲ ತೋರ್ಸು ಬಾ" ಎಂದು ಕೈಚಾಚಿದಳು. ಒಳಗೆ ಕೂತಿದ್ದ ಪುಟ್ಟಿ ಅಮ್ಮನನ್ನು ನೋಡಿ ಸಂತೋಷದಿಂದ ಎರಡೂ ಕೈ ಮೇಲೆತ್ತಿದಳು.

ಸವಿತಾ ಮತ್ತೆ ಮತ್ತೆ ಕರೆದಳು. ಆ ಕೈಗಳು ಅಷ್ಟೂ ಹೊತ್ತು ಮೇಲೇ ಇದ್ದವು. ನನಗೆ ನಿಲ್ಲಲಾಗಲಿಲ್ಲ. "ದಾಟ್ಲಿಲ್ಲ ಕಣಮ್ಮ. ನಾನೇ ಎತ್ತಿ ದಾಟುಸ್ದೆ. ಇವಳ ಕಾಲು ನೆಲಕ್ ಬುಟ್ಟೋಳೇ ಅಲ್ಲ ನಾನು" ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವಳು ಬೈಯಬಹುದಿತ್ತು. ಬೈದಿದ್ದರೆ ಹಗುರವಾಗುತ್ತಿತ್ತು ಕೂಡ. ಬೈಯಲಿಲ್ಲ, ಎದ್ದು ಬಂದು ಮಗುವನ್ನು ಎತ್ತಿಕೊಂಡು, "ಶನಿವಾರ ಮಂಡ್ಯಕ್ಕೆ ಡಾಕ್ಟರ್ ಹತ್ರ ಹೋಗ್ಬರಣ ಅತ್ತೆ. ನೀವೂ ಬನ್ನಿ" ಎಂದಳು. ‘ನೀವೂ ಬನ್ನಿ’ ಎಂಬ ಎರಡು ಮಾತಿಗೆ ನಾನು ಇವತ್ತಿಗೂ ಋಣಿ.

ಮಂಡ್ಯದ ಮಕ್ಕಳ ಡಾಕ್ಟರು ಪುಟ್ಟಿಯ ಸೊಂಟ ತಿರುಗಿಸಿ, ಮಂಡಿ ತಟ್ಟಿ, ಅಂಗಾಲಿಗೆ ಕಚಗುಳಿ ಇಟ್ಟು ನೋಡಿದರು. ಕಾಲೂರಿಸಿ ನಿಲ್ಲಿಸಿದರು. ಕೊರತೆ ಏನೂ ಇಲ್ಲ, ಕೆಲವು ಮಕ್ಕಳು ನಡೆಯಲು ಒಂದೂವರೆ ವರ್ಷದವರೆಗೂ ತೆಗೆದುಕೊಳ್ಳುತ್ತವೆ, ಅಷ್ಟರೊಳಗೆ ಆಗದಿದ್ದರೆ ಮತ್ತೆ ಕರೆತನ್ನಿ ಎಂದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು:

"ಹಗಲೊತ್ತು ಮಗೂನ ನೋಡ್ಕೊಳೋರು ಯಾರು?"

"ನಾನೇ ಡಾಕ್ಟ್ರೇ."

"ಏನ್ ಕೆಲ್ಸದಲ್ಲಿದ್ರಿ ತಾಯಿ?"

ಹೇಳಲೇಬೇಕಾಯಿತು. ಡಾಕ್ಟರು ಸಭ್ಯರು, ನಗಲಿಲ್ಲ, ಕೆಮ್ಮಿದರು. "ಔಷಧಿ ಬರ್ಯೋದೇನೂ ಇಲ್ಲ. ಮಗೂನ ನೆಲಕ್ಕೆ ಬಿಡಿ, ಅಷ್ಟೇ. ಚಕ್ರದ ವಾಕರ್ ಇದ್ರೆ ಅಟ್ಟಕ್ಕೆ ಹಾಕಿ" ಎಂದರು. ವಾಕರ್ ಇತ್ತು. ಬೆಲೆಬಾಳುವಂಥದ್ದೇ ಇತ್ತು, ಬೀಳುವ ಭಯಕ್ಕೆ ಅದರಲ್ಲೂ ಕೂರಿಸಿರಲಿಲ್ಲ. ಬಂದವಳೇ ಅಟ್ಟಕ್ಕೆ ಹಾಕಿಸಿದೆ.

ಆವತ್ತಿನಿಂದ ನಾನು ನೆಲಕ್ಕಿಳಿದೆ. ಅರವತ್ತೆರಡರ ಮಂಡಿಗೆ ಇಳಿಯುವುದು ಸುಲಭ, ಏಳುವುದೇ ಪಂಚಾಯ್ತಿ. ಹೊಸ ಟೈಲ್ಸಿನ ಮೇಲೆ ಕಾಲು ಜಾರುತ್ತದೆಂದು ಕಾಲುಚೀಲ ಬಿಚ್ಚಿಸಿ, ಹಳೆಯ ಜಮಖಾನ ಹಾಸಿದೆ. ಕೈಗೆ ಸಿಗದಷ್ಟು ದೂರದಲ್ಲಿ ಸೌಟು ಇಟ್ಟೆ, ಸೌಟಿನಾಚೆ ಡಬ್ಬಿ ಇಟ್ಟೆ. ಇವೆಲ್ಲ ನನಗೆ ಗೊತ್ತಿದ್ದ ವಿದ್ಯೆಯೇ. ಗೊತ್ತಿಲ್ಲದೆ ಇದ್ದದ್ದು ಒಂದೇ, ಎರಡು ಕೈಗಳು ಮೇಲೆದ್ದಾಗ ನನ್ನ ಕೈಯನ್ನು ಏನು ಮಾಡುವುದು ಎನ್ನುವುದು. ಬೆನ್ನ ಹಿಂದೆ ಕಟ್ಟಿಕೊಂಡು ಕೂರುತ್ತಿದ್ದೆ. ಪುಟ್ಟಿ ಮೊದಲ ಎರಡು ದಿನ ಅತ್ತಳು. ಮೂರನೆಯ ದಿನ ಬೈದಳು, ಅದು ಯಾವ ಭಾಷೆಯೆಂದು ತಿಳಿಯದಿದ್ದರೂ ಬೈಗುಳ ಎಂದು ತಿಳಿಯಿತು. ಐದನೆಯ ದಿನ ತಾನೇ ಬೋರಲು ಬಿದ್ದು, ಹೊಟ್ಟೆಯಲ್ಲಿ ತೆವಳಿ ಸೌಟು ಹಿಡಿದಳು.

ಹಾಗೆ ನೆಲದಲ್ಲಿ ಕೂತು ನೋಡಿದ ಮೇಲೆ ನಡಿಗೆ ಎಂಬುದು ಎಂಥ ಸಾಹಸ ಎಂದು ನನಗೆ ಮೊದಲ ಬಾರಿ ತಿಳಿಯಿತು. ಸೊಸೆಯ ತವರು ಬಂಡೂರಿನ ಪಕ್ಕದ ಹಳ್ಳಿ, ಕುರಿ ಸಾಕುವ ಮನೆ. ಅಲ್ಲಿ ಹುಟ್ಟಿದ ಮರಿ, ತಾಯಿ ನೆಕ್ಕಿ ಮುಗಿಸುವಷ್ಟರಲ್ಲಿ ಆ ಗಿಡ್ಡ ಕಾಲಿನ ಮೇಲೆ ಎದ್ದು ನಿಂತು ಮೊಲೆ ಹುಡುಕುತ್ತದೆ. ಮನುಷ್ಯರ ಮರಿಗೆ ಒಂದು ವರ್ಷಕ್ಕಿಂತ ಹೆಚ್ಚು ಬೇಕು. ಮೊದಲು ಕತ್ತು ನಿಲ್ಲಬೇಕು, ಆಮೇಲೆ ಬೆನ್ನು, ಆಮೇಲೆ ಸೊಂಟ, ಕಡೆಗೆ ಪಾದ. ನಾಲ್ಕು ಕಾಲಿಗೆ ಹಂಚಬೇಕಾದ ಭಾರವನ್ನು ಎರಡರ ಮೇಲೆ ಹೊರಬೇಕು, ಅದರಲ್ಲೂ ಹೆಜ್ಜೆ ಎತ್ತಿದಾಗ ಒಂದರ ಮೇಲೇ. ಮಗುವಿನ ಆ ಓಲಾಡುವ ನಡಿಗೆಗೆ ನಮ್ಮವರು ತಪ್ಪುಹೆಜ್ಜೆ ಎಂದು ಹೆಸರಿಟ್ಟು, ಆ ತಪ್ಪನ್ನು ನೋಡಲು ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ಬೇರೆ ಯಾವ ತಪ್ಪಿಗೂ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಅರವತ್ತೆರಡು ವರ್ಷ ನನ್ನನ್ನು ಹೊತ್ತು ತಿರುಗಿದ ನನ್ನ ಕಾಲುಗಳಿಗೂ ಆ ದಿನಗಳಲ್ಲಿ ಮನಸ್ಸಿನಲ್ಲೇ ಕೈಮುಗಿದೆ, ರಾತ್ರಿ ಎಣ್ಣೆ ಹಚ್ಚುವಾಗ ಗೊಣಗುವುದನ್ನು ನಿಲ್ಲಿಸಿದೆ.

ಪುಟ್ಟಿ ಬಿದ್ದಳು ಕೂಡ. ಒಂದು ಮಧ್ಯಾಹ್ನ ದಿವಾನದ ಅಂಚು ಹಿಡಿದು ನಿಂತಿದ್ದವಳು ಮುಗ್ಗರಿಸಿ, ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಬುಗುಟು ಎದ್ದಿತು. ಸಂಜೆ ಸೊಸೆಗೆ ಮುಖ ತೋರಿಸುವುದು ಹೇಗೆಂದು ಯೋಚಿಸುತ್ತ ಬುಗುಟಿಗೆ ತಣ್ಣೀರು ಬಟ್ಟೆ ಒತ್ತಿದೆ. ಅವಳು ಬುಗುಟನ್ನು ನೋಡಿದಳು, ನನ್ನ ಮುಖವನ್ನೂ ನೋಡಿದಳು. "ಬೀಳ್ಲಿ ಬುಡಿ ಅತ್ತೆ. ನಿಮ್ಮ ಮಗನ್ ಹುಬ್ಬಿನ ಗುರ್ತು ನಂಗಿಷ್ಟ" ಎಂದು ಹೇಳಿ ಕಾಫಿಗೆ ನೀರಿಟ್ಟಳು. ಇಷ್ಟು ವರ್ಷ ಹೊತ್ತಿದ್ದ ಒಂದು ಮೂಟೆಯನ್ನು ಅವಳು ಹಾಗೆ ಕಾಫಿ ಮಾಡುತ್ತ ಮಾಡುತ್ತ ಇಳಿಸಿಬಿಟ್ಟಳು.

ಪುಟ್ಟಿಗೆ ಹದಿನೇಳು ತುಂಬಿದ ತಿಂಗಳು, ಒಂದು ಶನಿವಾರ ಸವಿತಾ ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ಭಾನುವಾರ ಸಂಜೆ ಹಿಂದಿರುಗಿದಾಗ ಎಂದಿನಂತೆ ಒಳಗೆ ಬರಲಿಲ್ಲ. ಗೇಟಿನ ಹತ್ತಿರ ಮಗುವನ್ನು ಇಳಿಸಿ, "ಅತ್ತೆ, ಒಸಿ ಒಳ್ಗಡೆ ಕೂತ್ಕಳಿ. ಹೊಸ್ಲಿಂದ ಈಚೆಗೆ ಬರ್ಬ್ಯಾಡಿ" ಎಂದು ಕೂಗಿದಳು. ಯಾಕೆಂದು ತಿಳಿಯದೆ ಕೂತೆ. ಪುಟ್ಟಿ ನಿಂತಳು, ಓಲಾಡಿದಳು, ಒಂದು ಹೆಜ್ಜೆ ಇಟ್ಟಳು. ಎರಡು, ಮೂರು, ನಾಲ್ಕು. ಬಾಗಿಲ ಚೌಕಟ್ಟನ್ನು ಹಿಡಿದು ಹೊಸ್ತಿಲನ್ನು ಬಗ್ಗಿ ನೋಡಿ, ಬಲಗಾಲನ್ನು ಅಗತ್ಯಕ್ಕಿಂತ ಎರಡರಷ್ಟು ಎತ್ತರಕ್ಕೆ ಎತ್ತಿ ಒಳಗಿಟ್ಟಳು. ನಂತರ ಎಡಗಾಲು. ಬಂದು ನನ್ನ ಮಡಿಲಿಗೆ ಬಿದ್ದಳು. ಸವಿತಾ ಗೇಟಿನ ಬಳಿಯೇ ನಿಂತು, "ಮೊದುಲ್ನೆ ಸಲ ಅತ್ತೆ! ನಿಮ್ ಹತ್ರಕ್ಕೇ ಬಂದ್ಲು ನೋಡಿ!" ಎಂದು ಚಪ್ಪಾಳೆ ತಟ್ಟಿದಳು. ನಾನು ಅತ್ತದ್ದನ್ನು ವಿವರಿಸುವುದಿಲ್ಲ.

ಮಾರನೆಯ ದಿನ ಮತ್ತೆ ಬೇಳೆ ಬೆಂದಿತು. ರತ್ನಮ್ಮನ ಕೈಗೆ ಒಬ್ಬಟ್ಟು ಕೊಡುವಾಗ, "ಇದು ನಿಜದ್ದು, ಹಿಂದಿನದು ಸುಳ್ಳು" ಎಂದು ಹೇಳಿಯೇಬಿಟ್ಟೆ. ಆಕೆ ಬಾಯಿತುಂಬ ಒಬ್ಬಟ್ಟು ಇಟ್ಟುಕೊಂಡು, "ನಂಗ್ ಅವತ್ತೇ ಗೊತ್ತಿತ್ತು ಬುಡಿ ಮೇಡಮ್ಮೋರೆ. ಮಗೀನ್ ಕಾಲಲ್ಲಿ ದೂಳೇ ಇರ್ಲಿಲ್ಲ" ಎಂದರು. ಗೊತ್ತಿದ್ದೂ ಬೀದಿಯಲ್ಲಿ ಯಾರಿಗೂ ಹೇಳದೆ, ಮಗುವಿಗೆ ದೃಷ್ಟಿ ತೆಗೆಯಿರಿ ಎಂದು ಆವತ್ತು ಒಣಮೆಣಸಿನಕಾಯಿ ಕೊಟ್ಟು ಹೋಗಿದ್ದರು. ಅವರ ಮೇಲಿದ್ದ ಸಿಟ್ಟು ನನಗೆ ಅಲ್ಲೇ ಕರಗಿತು.

ಬೀಗರ ಮನೆಗೂ ಒಂದು ಡಬ್ಬಿ ಕೊಡೋಣವೆಂದು ಮಂಗಳವಾರ ಪುಟ್ಟಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಸವಿತಾಳ ತಾಯಿ ಕೆಂಪಮ್ಮ ಕುರಿಗೆ ಸೊಪ್ಪು ಹಾಕುತ್ತಿದ್ದರು. ನಾನು ಉತ್ಸಾಹದಿಂದ ಗೇಟು, ನಾಲ್ಕು ಹೆಜ್ಜೆ, ಹೊಸ್ತಿಲು ಎಂದು ವರ್ಣಿಸುತ್ತಿದ್ದರೆ ಆಕೆಗೆ ತಡೆಯಲಾಗಲಿಲ್ಲ.

"ಅಕ್ಕೋ, ಇಲ್ಲಿ ಸನಿವಾರ್ವೇ ನಡದ್ಲು ಕಣಕ್ಕ, ಇದೇ ಕೊಟ್ಗೆ ಮುಂದೆ. ನಾನು ಬಾಯ್ಗೆ ಬೆಲ್ಲ ಹಾಕಕ್ ಹೊಂಟ್ರೆ, ‘ಅವ್ವಾ, ಯಾರ್ಗೂ ಏಳ್ಬ್ಯಾಡ, ನಮ್ಮತ್ತೆ ಮೊದ್ಲು ನೋಡ್ಬೇಕು’ ಅಂದ್ಲು. ಇನ್ನೊಂದ್ಸಲ ನಡುದ್ಬುಟ್ಟಾಳು ಅಂತ ಬಾನ್ವಾರ ಎಲ್ಲಾ ಕಂಕ್ಳಲ್ಲೇ ಎತ್ಕಂಡಿದ್ಲು."

ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡರು. ನಾನು ಒಬ್ಬಟ್ಟಿನ ಡಬ್ಬಿಯನ್ನು ಅವರ ಕೈಗಿಟ್ಟೆ. ಹೆತ್ತವಳು ತನ್ನ ಮಗುವಿನ ಮೊದಲ ಹೆಜ್ಜೆಯನ್ನು ಬಾಯಿ ಬಿಡದೆ, ಬಸ್ಸಿನಲ್ಲಿ ಜೋಪಾನವಾಗಿ ತಂದು ನನ್ನ ಹೊಸ್ತಿಲಿಗೆ ಇಳಿಸಿದ್ದಳು. ಅವಳ ಕಣ್ತಪ್ಪಿಸಿ ನಾನು ಮಾಡಿದ್ದೇನೆಂದು ನೆನೆದರೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ಇಂಥವಳು ನನ್ನ ಮನೆಗೆ ಬಂದಳಲ್ಲ ಎಂದು ಎದೆ ತುಂಬಿತು.

ಸಂಜೆ ಸವಿತಾ ಶಾಲೆಯಿಂದ ಬರುವ ಹೊತ್ತಿಗೆ ನಾನೂ ಮನೆ ಸೇರಿ ಪುಟ್ಟಿಯ ಬೆರಳು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಗೇಟು ತೆಗೆಯುತ್ತಲೇ ಅವಳು, "ಅವ್ವ ಏನಂದ್ಲು ಅತ್ತೆ?" ಎಂದು ಕೇಳಿದಳು. ಕೇಳುವಾಗ ಕಣ್ಣಲ್ಲಿ ಸ್ವಲ್ಪ ಅಳುಕಿತ್ತು.

"ಒಬ್ಬಟ್ಟು ಚೆನ್ನಾಗೈತೆ ಅಂದ್ರು ಕಣಮ್ಮ, ಇನ್ನೇನಂದಾರು" ಎಂದೆ.

ಅಷ್ಟರಲ್ಲಿ ಪುಟ್ಟಿ ನನ್ನ ಬೆರಳಿನಿಂದ ಕೈ ಬಿಡಿಸಿಕೊಂಡು ಅಮ್ಮನ ಕಡೆಗೆ ಹೊರಟಳು. ನಾನು ಹಿಡಿಯಲಿಲ್ಲ.