ಕಿಟಕಿಗೆ ಕಾಣದ ಸೈಕಲ್ಲುಗಳು

ಸಿಂಧನೂರಿನಲ್ಲಿ ಸೈಕಲ್ ನಿಂತ ಜಾಗದಲ್ಲಿ ಅದರ ಯಜಮಾನ ಇರುವುದಿಲ್ಲ. ಬ್ಯಾಂಕಿಗೆ ಬಂದವನ ಸೈಕಲ್ ಪಕ್ಕದ ಸಂದಿಯಲ್ಲಿ ಬೇವಿನ ಮರಕ್ಕೆ ಒರಗಿರುತ್ತದೆ. ಮದುವೆಗೆ ಬಂದವನದು ಕಲ್ಯಾಣ ಮಂಟಪದ ಹಿಂದುಗಡೆ, ಅಡುಗೆಯವರ ಹಂಡೆಗಳ ನಡುವೆ ಇರುತ್ತದೆ. ಯಜಮಾನ ಮಾತ್ರ ಮಡಚಿದ ಪ್ಯಾಂಟಿನ ಅಂಚು ಇಳಿಬಿಟ್ಟು, ಮುಖ ಒರೆಸಿಕೊಂಡು, ಈಗಷ್ಟೇ ಕಾರಿನಿಂದ ಇಳಿದವನ ಹಾಗೆ ಗತ್ತಿನಿಂದ ನಡೆದು ಬರುತ್ತಾನೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಸೈಕಲ್ ಮೇಲೆ ಬಂದವನಿಗೆ ಯಾರೂ ಕುರ್ಚಿ ತೋರಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನಾನೂ ಹಾಗೇ ಮಾಡುತ್ತಿದ್ದೆ. ನೆನೆಸಿಕೊಂಡರೆ ಇವತ್ತಿಗೂ ಸಿಟ್ಟು ಬರುತ್ತದೆ, ನಮ್ಮ ಮೇಲಲ್ಲ, ಆ ಕುರ್ಚಿಗಳ ಮೇಲೆ.

ನನ್ನ ತವರು ಮಸ್ಕಿ. ಅಲ್ಲಿ ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುವ ಅಂಗಡಿಯಿತ್ತು. ಅಣ್ಣ ಬಾಡಿಗೆಗೆ ತಂದ ಸೈಕಲ್ಲನ್ನು ಅರ್ಧ ತಾಸು ನಾನು ಕಿತ್ತುಕೊಳ್ಳುತ್ತಿದ್ದೆ. ಪೈಪಿನ ಒಳಗಿಂದ ಕಾಲು ತೂರಿಸಿ, ಲಂಗ ಚೈನಿಗೆ ಸಿಕ್ಕಿಸಿಕೊಂಡು, ಗುಡ್ಡದ ಬುಡದ ಇಳಿಜಾರಿನಲ್ಲಿ ಕಲಿತೆ. ಅಶೋಕನ ಶಾಸನ ನೋಡಲು ಬಂದ ಪರ ಊರಿನ ಜನ ನನ್ನನ್ನೂ ನಿಂತು ನೋಡುತ್ತಿದ್ದರು. ಮದುವೆಯಾಗಿ ಸಿಂಧನೂರಿಗೆ ಬಂದ ಮೇಲೆ ಗಂಡನ ಮೋಟರ್ ಸೈಕಲ್ಲಿನ ಹಿಂದಿನ ಸೀಟು ನನ್ನ ಪಾಲಿಗೆ ಬಂತು. ಅವರಿಗೆ ಪುರುಸೊತ್ತಾದಾಗ ನಾನು ಹೊರಗೆ ಹೋಗಬೇಕು, ಅವರಿಗೆ ಬೇಸರವಾದಾಗ ವಾಪಸ್ ಬರಬೇಕು. ಬಹಳ ವರ್ಷ ಹಾಗೇ ಕುಳಿತಿದ್ದೆ.

ಆ ಸೀಟು ಬಿಡಿಸಿದ್ದು ನನ್ನ ಮೊಣಕಾಲು. ನನ್ನದು ಹೊಲಿಗೆಯ ಅಂಗಡಿ. ಮಷಿನ್ ತುಳಿದು ತುಳಿದು ಸವೆಯಿತೋ, ವಯಸ್ಸಾಯಿತೋ, ನಡೆದರೆ ಜೀವ ಹೋಗುವಷ್ಟು ನೋವು. ತಂಗಿ ಲಿಂಗಸುಗೂರಿನಲ್ಲಿದ್ದಾಳೆ. ಅವಳೇ ಅಲ್ಲಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ನಡಿಗೆ ಕಡಿಮೆ ಮಾಡಿ ದಿನವೂ ಸೈಕಲ್ ತುಳಿಯಿರಿ ಎಂದರು ಅವರು. ಮನೆಗೆ ಬಂದ ಮೇಲೆ ತಂಗಿ ತನ್ನ ಪಡಸಾಲೆಯಲ್ಲಿದ್ದ ವ್ಯಾಯಾಮದ ಸೈಕಲ್ ತೋರಿಸಿದಳು. ಅದರ ಹ್ಯಾಂಡಲ್ ಮೇಲೆ ಟವೆಲ್ ಒಣಹಾಕಿದ್ದರು. ಇಷ್ಟು ತುಳಿದು ಮತ್ತೆ ಅಡುಗೆಮನೆಯ ಬಾಗಿಲಲ್ಲೇ ಇರುವುದಾದರೆ ತುಳಿಯುವುದೇಕೆ ಎನಿಸಿತು. ಊರಿಗೆ ಬಂದವಳೇ, ಮಗಳು ಕಾಲೇಜಿಗೆಂದು ಹೋಗುವಾಗ ಬಿಟ್ಟುಹೋಗಿದ್ದ ಸೈಕಲ್ಲಿನ ಧೂಳು ಒರೆಸಿದೆ.

ಗಂಡನಿಗೆ ಮುಖವೇ ಇಲ್ಲದಂತಾಯಿತು. "ಸ್ಕೂಟಿ ಕೊಡಸ್ತೀನಿ ಅಂದ್ರೂ ಕೇಳವಲ್ಲಿ. ಜನ ನನಗ ಏನಂದಾರು?" ಎಂದರು.

"ನಿಮಗ ಅಂದದ್ದು ನೀವ ಕೇಳಿಸ್ಕೊಳ್ರಿ. ನನ್ನ ಮೊಣಕಾಲಿಗೆ ಕಿವಿ ಇಲ್ಲ," ಎಂದೆ.

ಜನ ಅನ್ನದೆ ಬಿಡಲಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಚಹಾ ಅಂಗಡಿಯ ಮುಂದೆ ಹಾದರೆ ಒಬ್ಬನಾದರೂ ಕೂಗುತ್ತಿದ್ದ, "ಅಕ್ಕಾರ, ಪೆಟ್ರೋಲ್ ತುಟ್ಟಿ ಆತೇನ್ರಿ?"

"ಹೌದಪಾ. ನಿನ್ನ ಬಾಯಿ ಮಾತ್ರ ಬಿಟ್ಟಿ ಓಡಾಕತ್ತೈತಿ ನೋಡು."

ನನ್ನ ಅಂಗಡಿ ಹೆದ್ದಾರಿಯ ಆಚೆ, ಮನೆ ಈಚೆ. ನಡುವೆ ಉದ್ದಕ್ಕೂ ಡಿವೈಡರ್. ಅದರಲ್ಲಿ ಒಂದು ಕಡೆ ಸಣ್ಣ ಸಂದು ಬಿಟ್ಟಿದ್ದರು. ಕಾರು ನುಗ್ಗದಷ್ಟು, ಸೈಕಲ್ಲಿಗೆ ಧಾರಾಳ. ದಢೇಸುಗೂರು ಕಡೆಯಿಂದ ಭತ್ತದ ಲಾರಿಗಳು ಬರುವ ರಸ್ತೆ ಅದು. ಒಂದು ಸೈಕಲ್ಲಿಗೆ ಲಾರಿಯವರು ಬ್ರೇಕ್ ಹಾಕುವುದಿಲ್ಲ. ಎರಡು ಮೂರು ಒಟ್ಟಿಗೆ ಇಳಿದರೆ ಬೈದುಕೊಂಡಾದರೂ ನಿಲ್ಲಿಸುತ್ತಾರೆ. ಹಾಗಾಗಿ ಒಂಟಿಯಾಗಿ ಬಂದವರು ರಸ್ತೆ ಬದಿಯಲ್ಲಿ ಒಂದು ಕಾಲು ಊರಿ ಕಾಯುವುದು ರೂಢಿಯಾಗಿತ್ತು. ಇನ್ನೊಂದು ಸೈಕಲ್ ಬಂದ ಕೂಡಲೇ "ಜೋಡಿ?" ಎಂದು ಕೇಳುವುದು. ಬಂದವರು "ಜೋಡಿ" ಎಂದರೆ ಒಟ್ಟಿಗೆ ಇಳಿಯುವುದು. ಜಾತಿ ಕೇಳಿದವರಿಲ್ಲ, ಊರು ಕೇಳಿದವರಿಲ್ಲ. ನಮ್ಮದು ಸಂಘವಲ್ಲ, ಅದಕ್ಕೆ ಬೋರ್ಡಿಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ. ಆದರೆ ನನ್ನ ನಾದಿನಿಯರಿಗಿಂತ ಆ ಸಂದಿನ ಜನವೇ ನನಗೆ ಹತ್ತಿರವಾದರು.

ದಿನವೂ ಸಿಗುತ್ತಿದ್ದವರು ಇಬ್ಬರು. ಒಬ್ಬರು ಬ್ರೆಡ್ಡು, ಖಾರಿ, ಟೋಸ್ಟ್ ಮಾರುವ ಮುದುಕರು. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಹಿಂದೆ ತಗಡಿನ ದೊಡ್ಡ ಡಬ್ಬಿ, ಮುಂದೆ ರಬ್ಬರಿನ ಉಂಡೆ ಒತ್ತುವ ಹಾರನ್ನು. ಇನ್ನೊಬ್ಬಳು ಖಾಸಗಿ ದವಾಖಾನೆಯಲ್ಲಿ ನರ್ಸಾಗಿದ್ದ ಹುಡುಗಿ. ಹೈಸ್ಕೂಲಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನೇ ಇನ್ನೂ ಓಡಿಸುತ್ತಿದ್ದಳು. ಅವಳ ಡ್ಯೂಟಿ ಬೆಳಕು ಹರಿಯುವ ಹೊತ್ತಿಗೆ ಶುರು, ಆ ಹೊತ್ತಿಗೆ ಆಟೋ ಸಿಗುವುದಿಲ್ಲ. ಆ ಸೈಕಲ್ ಇದ್ದದ್ದಕ್ಕೇ ಕೆಲಸ, ಆ ಸಂದು ಇದ್ದದ್ದಕ್ಕೇ ಸೈಕಲ್. ಅವಳ ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನ.

ಒಂದು ಮುಂಜಾನೆ ಹೋದರೆ ಸಂದಿನ ಪಕ್ಕ ಸಿಮೆಂಟಿನ ದಿಮ್ಮಿಗಳನ್ನು ಇಳಿಸಿದ್ದರು. ಸಂದು ಮುಚ್ಚುತ್ತಾರಂತೆ. ದಾಟಬೇಕಾದವರು ಇನ್ನು ಮೇಲೆ ದೊಡ್ಡ ಸರ್ಕಲ್ಲಿಗೆ ಹೋಗಿ ಸುತ್ತಿ ಬರಬೇಕಂತೆ. ಆ ಸರ್ಕಲ್ಲಿನಲ್ಲಿ ಸುಗ್ಗಿಯ ಕಾಲಕ್ಕೆ ಲಾರಿ, ಟ್ರ್ಯಾಕ್ಟರು, ಭತ್ತ ಕೊಯ್ಯುವ ಮಷಿನ್ನು ಎಲ್ಲ ಒಂದರ ಮೈಮೇಲೆ ಒಂದು ಬಿದ್ದಂತೆ ನುಗ್ಗುತ್ತವೆ. ಮೋಟರ್ ಸೈಕಲ್ಲಿನವರೇ ಅಲ್ಲಿ ದೇವರ ಹೆಸರು ಹೇಳುತ್ತಾರೆ.

ಹುಡುಗಿಯ ಮುಖ ಬಾಡಿತ್ತು. "ಅಪ್ಪ ಹೇಳಿಬಿಟ್ಟಾನ್ರಿ ಅಕ್ಕಾರ. ಸರ್ಕಲ್ ಸುತ್ತಿ ಹೋಗೂದಾದ್ರ ಕೆಲಸ ಬಿಟ್ಟು ಮನ್ಯಾಗ ಕುಂದ್ರು ಅಂದಾನ," ಎಂದಳು.

ಮಗಳ ಜೀವದ ಭಯ ಅವನಿಗೆ, ಅದನ್ನು ತಪ್ಪು ಎನ್ನಲಾರೆ. ಆದರೆ ನರ್ಸಿಂಗ್ ಕಲಿತು, ಊರಿನ ಅರ್ಧ ಕೂಸುಗಳನ್ನು ಕೈಯಲ್ಲಿ ಎತ್ತಿಕೊಂಡ ಹುಡುಗಿ, ಯಾರೋ ಇಳಿಸಿಹೋದ ಸಿಮೆಂಟಿನ ದಿಮ್ಮಿಗಾಗಿ ಮನೆಯಲ್ಲಿ ಕೂರಬೇಕೇ? ಹಿಂದಿನ ಸೀಟು ಎಂದರೇನೆಂದು ನನಗೆ ಗೊತ್ತಿತ್ತು.

ಕೇಳಿ ನೋಡೋಣ ಎಂದು ಹೊರಟೆವು. ನಾನು, ಚಾಚಾ, ಹುಡುಗಿ, ಸಂದಿನಲ್ಲಿ ದಿನವೂ ಸಿಗುವ ಇನ್ನೂ ಕೆಲವರು. ಆ ರಸ್ತೆ ನೋಡಿಕೊಳ್ಳುವ ಕಚೇರಿಯೂ ಹುಡುಗಿಯ ಅಪ್ಪ ದುಡಿಯುವ ಕಚೇರಿಯೂ ಒಂದೇ ಆಗಿತ್ತು. ಸಾಹೇಬರನ್ನು ಕಾಣುವುದೆಂದರೆ ಸುಮ್ಮನೆಯೇ? ನಾನು ಇಸ್ತ್ರಿ ಸೀರೆ ಉಟ್ಟೆ. ಚಾಚಾ ಹಬ್ಬಕ್ಕೆ ಹೊಲಿಸಿದ ಬಿಳಿ ಜುಬ್ಬಾ ಹಾಕಿ, ಅತ್ತರ್ ಹಚ್ಚಿಕೊಂಡು ಬಂದಿದ್ದರು. ಕಚೇರಿ ಹತ್ತಿರ ಬಂದಂತೆ ಒಬ್ಬರೂ ಒಂದು ಮಾತಾಡದೆ, ಎಲ್ಲರ ಸೈಕಲ್ಲೂ ತಾವಾಗಿಯೇ ಕಟ್ಟಡದ ಹಿಂದಿನ ಸಂದಿಗೆ ತಿರುಗಿದವು. ಅಲ್ಲಿ ಮೊದಲೇ ಒಂದು ಹಳೆಯ ಹಸಿರು ಸೈಕಲ್ ಗೋಡೆಗೆ ಒರಗಿತ್ತು. ಹುಡುಗಿ ಅದರ ಸೀಟು ಮುಟ್ಟಿ, "ಅಪ್ಪಂದು" ಎಂದಳು. ನಮ್ಮವನ್ನೂ ಅದರ ಪಕ್ಕಕ್ಕೆ ನಿಲ್ಲಿಸಿ, ಬೆವರು ಒರೆಸಿಕೊಂಡು, ಎದುರಿನ ಗೇಟಿನಿಂದ ಒಳಗೆ ಹೋದೆವು.

ಸಾಹೇಬರು ಕೆಟ್ಟವರೇನಲ್ಲ. ಕುರ್ಚಿ ತೋರಿಸಿದರು. ಹುಡುಗಿಯ ಅಪ್ಪನೇ ಚಹಾ ತಂದಿಟ್ಟ, ಮಗಳನ್ನು ಕಂಡೂ ಕಾಣದವನಂತೆ ಹೋದ. ನಾನು ವಿಷಯ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಪಕ್ಕದ ಕಿಟಕಿಯತ್ತ ಕೈ ತೋರಿಸಿದರು.

"ಈಗ ಸೈಕಲ್ ಎಲ್ಲಿದಾವ್ರೀ ಅಮ್ಮಾರ? ನೋಡ್ರಿ ಹೊರಗ. ಎಷ್ಟು ಮಂದಿ ಬಂದಾರ, ಒಂದಾದ್ರೂ ಸೈಕಲ್ ಐತೇನು? ಇಲ್ಲದ ಸೈಕಲ್ಲಿಗೆ ದಾರಿ ಬಿಡ್ರಿ ಅಂದ್ರ ಹೆಂಗ?"

ಅಂಗಳದ ತುಂಬ ಮೋಟರ್ ಸೈಕಲ್ಲು, ಜೀಪು, ಎರಡು ಕಾರು. ಅವರು ಸುಳ್ಳು ಹೇಳಿರಲಿಲ್ಲ.

"ನೀವ ಹೆಂಗ ಬಂದ್ರಿ ಈಗ?" ಎಂದು ಚಾಚಾರನ್ನು ಕೇಳಿದರು.

ಚಾಚಾ ಜುಬ್ಬಾದ ತೋಳು ಎಳೆದುಕೊಂಡರು. "ಹಿಂಗ... ನಡಕೋಂತ ಬಂದ್ವಿ ಸಾಹೇಬ್ರ," ಎಂದರು.

ನಾವು ಯಾರೂ ಅಲ್ಲವೆನ್ನಲಿಲ್ಲ. ಚಹಾ ಕುಡಿದು, ನಮಸ್ಕಾರ ಮಾಡಿ, ಹಿಂದಿನ ಸಂದಿಗೆ ಬಂದೆವು. ಹುಡುಗಿ ಬೀಗ ತೆಗೆಯುವುದನ್ನು ಬಿಟ್ಟು ನಮ್ಮ ಕಡೆ ತಿರುಗಿದಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ, ಒದರಿದಳು.

"ನಾವ ಇಲ್ಲ ಅಂತ ನಾವ ಹೇಳಿ ಬಂದ್ವಲ್ರಿ! ಇನ್ನ ಅವರ್ಯಾಕ ದಾರಿ ಬಿಡ್ತಾರ?"

ಚಾಚಾ ತಮ್ಮ ಹಾರನ್ನಿನ ಉಂಡೆಯನ್ನು ಒಮ್ಮೆ ಜೋರಾಗಿ ಒತ್ತಿದರು. ಸಂದಿಯಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. "ತಪ್ಪಾತು ಬೇಟಿ. ಅತ್ತರ್ ವಾಸನಿ ತಲಿಗೇರಿತ್ತು," ಎಂದರು. ನಗು ಬಂತು, ಆದರೆ ನಗುವ ಹಾಗಿರಲಿಲ್ಲ.

ಮರುದಿನದಿಂದ ಸಂದಿನಲ್ಲಿ ಜೋಡಿಗೆ ಕಾಯುವ ಪ್ರತಿಯೊಬ್ಬರಿಗೂ ನಾವು ಹೇಳುತ್ತಾ ಹೋದದ್ದು ಒಂದೇ ಮಾತು: ಎಲ್ಲಿಗೇ ಹೋಗಲಿ, ಸೈಕಲ್ ಎದುರಿಗೇ ನಿಲ್ಲಿಸಬೇಕು. ಬರುವ ಸೋಮವಾರ ಎಲ್ಲರೂ ಕಚೇರಿಗೆ. ಇಸ್ತ್ರಿ ಬಟ್ಟೆ ಬೇಡ, ದಿನ ಹೇಗಿರುತ್ತೀರೋ ಹಾಗೇ ಬನ್ನಿ. ವಳಕಮದಿನ್ನಿಯಿಂದ ಹಾಲು ತರುವವನು, "ಕ್ಯಾನ್ ತುಂಬಿರ್ತಾವಲ್ರಿ ಅಕ್ಕಾರ," ಎಂದ. ಕ್ಯಾನಿನ ಸಮೇತ ಬಾ ಎಂದೆ. ಗಂಡನಿಗೆ ಹೇಳಿದಾಗ ಅವರು ತಲೆ ಮೇಲೆ ಕೈ ಹೊತ್ತರು. "ಕಚೇರಿ ಮಂದಿ ಎಲ್ಲಾ ನನಗ ಗುರ್ತು ಅದಾರ," ಎಂದರು. ಚಲೋ ಆತು, ನನ್ನದೂ ಗುರುತಾಗಲಿ ಎಂದೆ.

ಸೋಮವಾರ ನಾನೇ ಮುಂದೆ ಇದ್ದೆ. ಸಿಟ್ಟು ಬಂದಾಗ ನನಗೆ ಮೊಣಕಾಲಿನ ನೆನಪೇ ಇರುವುದಿಲ್ಲ. ಹಿಂದೆ ಹುಡುಗಿ ನರ್ಸಿನ ಬಿಳಿ ಬಟ್ಟೆಯಲ್ಲಿ, ಅವಳ ಹಿಂದೆ ಡಬ್ಬಿಯ ಸಮೇತ ಚಾಚಾ, ಆಮೇಲೆ ಹಾಲಿನ ಕ್ಯಾನು, ಗಾರೆ ಕೆಲಸದ ಗೌಂಡಿಯವರ ಕರಣಿ, ಪೇಪರ್ ಹಾಕುವವನ ಚೀಲ. ಗೇಟಿನಲ್ಲಿ ಹುಡುಗಿಯ ಅಪ್ಪ ನಿಂತಿದ್ದ. ನಮ್ಮನ್ನು ನೋಡಿದ್ದೇ ಓಡಿ ಬಂದ.

"ಸೈಕಲ್ ಹಿಂದ ನಿಂದ್ರಸ್ರಿ ಅಕ್ಕಾರ, ಹಿಂದ ಜಾಗ ಐತಿ," ಎಂದ. ಮಗಳನ್ನು ಕಂಡು ದನಿ ತಗ್ಗಿಸಿದ. "ಏ, ನೀನೂ ಬಂದೀಯೇನಬೇ? ಹಿಂದ ಒಯ್ಯಿ. ನನ್ನ ನೌಕರಿ ಐತಿಲ್ಲಿ."

"ಹಿಂದ ಇಟ್ರ ಸಾಹೇಬರ ಕಿಡಕಿಗೆ ಕಾಣಂಗಿಲ್ಲಪ್ಪ," ಎಂದಳು ಅವಳು. ಅಪ್ಪನನ್ನು ಬಳಸಿಕೊಂಡು ಮುಂದೆ ಹೋಗಿ, ಕಿಟಕಿಯ ನೇರ ಕೆಳಗೆ, ಜೀಪಿನ ಮಗ್ಗುಲಲ್ಲಿ, ಸೈಕಲ್ಲನ್ನು ಸ್ಟ್ಯಾಂಡ್ ಮೇಲೆ ಹಾಕಿದಳು. ಅದರ ಪಕ್ಕ ನನ್ನದು. ಆಮೇಲೆ ಒಂದೊಂದಾಗಿ ಎಲ್ಲವೂ. ಸ್ಟ್ಯಾಂಡ್ ಹಾಕುವ ಸದ್ದಿಗೇ ಒಳಗಿನ ಗುಮಾಸ್ತರು ಎದ್ದು ಬಂದರು.

ಸಾಹೇಬರೂ ಹೊರಗೆ ಬಂದರು. ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಇಷ್ಟು ಸೈಕಲ್ ಎಲ್ಲಿದ್ವು?" ಎಂದರು.

"ಇಲ್ಲೇ ಇದ್ವು ಸಾಹೇಬ್ರ. ಹಿಂದ ಇದ್ವು," ಎಂದೆ.

"ಯಾರವು ಇವೆಲ್ಲ?"

"ಈ ಡಬ್ಬಿದು ನಂದ್ರಿ," ಎಂದರು ಚಾಚಾ, ಎಲ್ಲರಿಗಿಂತ ಮೊದಲು. "ಅವತ್ತೂ ಇದರ ಮ್ಯಾಲ ಬಂದಿದ್ದೆ. ನಡಕೋಂತ ಬಂದಿರಲಿಲ್ಲ." ಆಮೇಲೆ ಹಾಲಿನವನು ನಂದು ಎಂದ, ಗೌಂಡಿ ನಂದು ಎಂದ. ಹುಡುಗಿ ಅಪ್ಪನ ಕಡೆ ನೋಡದೆ, "ಇದು ನಂದ್ರಿ," ಎಂದಳು.

ಅಪ್ಪ ಅಷ್ಟರಲ್ಲಿ ಅಲ್ಲಿರಲಿಲ್ಲ. ನಾಚಿಕೆಯಾಗಿ ಒಳಗೆ ಹೋಗಿರಬೇಕು ಎಂದುಕೊಂಡು ನನಗೂ ಕಸಿವಿಸಿಯಾಯಿತು. ಅವನು ಕಟ್ಟಡದ ಹಿಂದಿನಿಂದ ತಿರುಗಿ ಬಂದ, ಹಸಿರು ಸೈಕಲ್ ತಳ್ಳಿಕೊಂಡು. ಖಾಕಿ ಬಟ್ಟೆಯಲ್ಲೇ, ಎಲ್ಲರ ಎದುರು, ಅದನ್ನು ತಂದು ಮಗಳ ಸೈಕಲ್ಲಿಗೆ ಹಚ್ಚಿ ನಿಲ್ಲಿಸಿದ.

"ಇದು ನಂದ್ರಿ ಸಾಹೇಬ್ರ."

ಸಾಹೇಬರು ಅವನನ್ನೇ ನೋಡಿದರು. ದಿನವೂ ಅವನ ಕೈಯಿಂದ ಚಹಾ ಕುಡಿಯುವವರು ಅವರು. "ನೀ ದಿನಾ ಸೈಕಲ್ ಮ್ಯಾಲ ಬರ್ತೀಯೇನು?"

"ಹೌದ್ರಿ. ನೀವು ಈ ಊರಿಗೆ ವರ್ಗ ಆಗಿ ಬರೂಕಿಂತ ಮೊದಲಿಂದ," ಎಂದ.

ಸಾಹೇಬರು ನೋಡೋಣ ಎಂದರು. ಇವತ್ತಿಗೂ ನೋಡುತ್ತಲೇ ಇದ್ದಾರೆ. ಸಂದು ತೆರೆದೇ ಇರುತ್ತದೆ ಎಂದು ಯಾರೂ ಹೇಳಿಲ್ಲ, ಮುಚ್ಚಲು ಯಾರೂ ಬಂದಿಲ್ಲ. ದಿಮ್ಮಿಗಳು ರಸ್ತೆ ಬದಿಯಲ್ಲೇ ಬಿದ್ದಿವೆ, ಜೋಡಿಗೆ ಕಾಯುವಾಗ ನಾನು ಅವುಗಳ ಮೇಲೆ ಕಾಲು ಊರುತ್ತೇನೆ. ನಾಳೆ ಮುಚ್ಚಲು ಬಂದರೆ ಎಲ್ಲಿಗೆ ಹೋಗಿ ಎಲ್ಲಿ ನಿಲ್ಲಿಸಬೇಕೆಂದು ನಮಗೆ ಗೊತ್ತಿದೆ.

ಆ ಸೋಮವಾರದ ಮರುದಿನ ಮುಂಜಾನೆ ನಾನು ಬೇಕೆಂತಲೇ ಬೇಗ ಹೋಗಿ ಕಾಯುತ್ತಿದ್ದೆ. ಹುಡುಗಿ ಬರುತ್ತಾಳೋ ಇಲ್ಲವೋ ಎಂಬ ಆತಂಕ. ಮಬ್ಬುಬೆಳಕಿನಲ್ಲಿ ಬಿಳಿ ಬಟ್ಟೆ ಕಂಡಿತು. ಮೆಲ್ಲಗೆ ಬಂದು ನನ್ನ ಪಕ್ಕ ಕಾಲು ಊರಿದಳು.

"ಅಪ್ಪ ಏನಂದ?" ಎಂದೆ.

"ಏನೂ ಅನಲಿಲ್ರಿ. ನಸಿಕಿನ್ಯಾಗ ಎದ್ದು ನನ್ನ ಸೈಕಲ್ಲಿಗೆ ಗಾಳಿ ಹೊಡದಿಟ್ಟಾನ."

ಹಿಂದಿನಿಂದ ಚಾಚಾರ ಹಾರನ್ ಕೇಳಿಸಿತು. "ಜೋಡಿ?" ಎಂದು ಕೂಗಿದರು. "ಜೋಡಿ," ಎಂದೆವು. ಮೂವರೂ ರಸ್ತೆಗೆ ಇಳಿದೆವು. ಭತ್ತದ ಲಾರಿಯವನು ಬ್ರೇಕ್ ಒತ್ತಿ, ಕಿವಿ ಕಿತ್ತುಹೋಗುವ ಹಾಗೆ ಹಾರನ್ ಹೊಡೆದ. ಹೊಡೆಯಲಿ. ನಾನು ಅವಸರ ಮಾಡಲಿಲ್ಲ.