ಗೋದಕ್ಕನಿಗೆ ಹೇಳಿದ ಕಾನೂನು

ಹೊಸದಾಗಿ ಅಂಟಿಸಿದ ಫೋಟೋದ ಗೋಂದಿನ ವಾಸನೆ ನಿಮಗೆ ಹೇಗೋ ಏನೋ, ನನಗಂತೂ ಆಗಿಬರುವುದಿಲ್ಲ. ನಿನ್ನೆ ಮಧ್ಯಾಹ್ನ ಮೇಲಿನ ಮನೆಯ ಕುಲಕರ್ಣಿಯವರು ಅಂಥ ವಾಸನೆಯ ಒಂದು ಅರ್ಜಿ ಹಿಡಿದು ಇಳಿದು ಬಂದರು. ನನ್ನ ಹಾಗೆ ಕೇಂದ್ರ ಸರಕಾರದ ನೌಕರರು, ಮುಂದಿನ ತಿಂಗಳು ನಿವೃತ್ತಿ. ಆಮೇಲೂ ಸರಕಾರಿ ದವಾಖಾನೆಯ ಕಾರ್ಡು ಬೇಕೆಂದರೆ ಈಗಲೇ ಹೆಸರು ಬರೆಸಬೇಕು.

“ನೀವು ಇದರಾಗ ಪಂಡಿತರಲ್ರೀ, ಒಮ್ಮೆ ಕಣ್ಣಾಡಿಸ್ರಿ” ಎಂದರು.

ಪಂಡಿತನೇ ಹೌದು. ಓದಿದ್ದು ಬರೀ ಮೆಟ್ರಿಕ್. ಆದರೂ ನಮ್ಮ ಕಚೇರಿಯ ಬಿ.ಎ. ಆದವರೂ ಅರ್ಜಿ ತುಂಬಿಸಲು ನನ್ನ ಮೇಜಿಗೇ ಬರುತ್ತಿದ್ದರು. ಎಲ್ಲಿ ಅಡ್ಡಗೆರೆ ಎಳೆಯಬೇಕು, ಎಲ್ಲಿ ದೊಡ್ಡಕ್ಷರ ಬೇಕು, ಎಲ್ಲ ಬಾಯಿಪಾಠ. ಅಷ್ಟು ಅರ್ಜಿಗಳಲ್ಲಿ ಸುಳ್ಳು ಬರೆದದ್ದು ಒಂದರಲ್ಲೇ, ಅದು ನನ್ನದರಲ್ಲಿ.

ಗೋದಕ್ಕ ನನ್ನ ಅಕ್ಕ. ಇಪ್ಪತ್ತರೊಳಗೇ ಗಂಡನನ್ನು ಕಳೆದುಕೊಂಡು ರಾಯಚೂರಿನಿಂದ ಒಂದು ಟ್ರಂಕಿನೊಡನೆ ನಮ್ಮ ಮನೆಗೆ ಬಂದವಳು. ಆಮೇಲೆ ಈ ಮನೆಯ ರೊಟ್ಟಿಯೆಲ್ಲ ಅವಳ ಕೈಯದೇ. ನಮ್ಮ ಕಡೆ ವಿಧವೆಯಾದವಳು ಆರತಿಯ ಹೊತ್ತಿಗೆ ಒಳಗೆ ಸರಿಯುತ್ತಾಳೆ, ಶುಭದ ಫೋಟೋಗಳಲ್ಲಿ ನಿಲ್ಲುವುದಿಲ್ಲ. ಪಕ್ಕಕ್ಕೆ ಸರಿ ಎಂದು ಯಾರೂ ಹೇಳಬೇಕಾಗಿಲ್ಲ, ತಾನೇ ಸರಿಯುತ್ತಾಳೆ.

ನಾನು ನಿವೃತ್ತನಾಗುವ ವರ್ಷ ಅರ್ಜಿಯ ಫೋಟೋಕ್ಕಾಗಿ ಸುಲ್ತಾನ್ ಬಜಾರಿನ ಸ್ಟುಡಿಯೋಕ್ಕೆ ನಾನು, ಹೆಂಡತಿ, ಗೋದಕ್ಕ ಮೂವರೂ ಹೋದೆವು. ಗೋದಕ್ಕ ಬಂದದ್ದು ದಾರದುಂಡೆ ಕೊಳ್ಳುವುದಕ್ಕೆ. ಫೋಟೋದವನು, “ಆಪ್ ಭೀ ಆಜಾವ್ ಅಮ್ಮಾ” ಎಂದು ಗೋದಕ್ಕನಿಗೂ ಕುರ್ಚಿ ಎಳೆದ. ಅವಳು ನನ್ನ ಹೆಂಡತಿಯ ಕೈಚೀಲ ಇಸಿದುಕೊಂಡು ಬಾಗಿಲಿಗೆ ಸರಿದಳು.

“ರಿಟೈರ್ ಆಗೋ ಫೋಟೋ, ಶುಭದ್ದು. ನಡುವ ನಾ ಯಾಕ? ನೀವಿಬ್ರೂ ನಿಂದರ್ರಿ.”

ಅದು ಸನ್ಮಾನದ ಫೋಟೋ ಅಲ್ಲ, ದವಾಖಾನೆಯ ಕಾರ್ಡಿನದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಲಂಬಿತಳಾದ ವಿಧವೆ ಅಕ್ಕನ ಹೆಸರು ಬರೆಯಲು ಅರ್ಜಿಯಲ್ಲಿ ಜಾಗವಿತ್ತು. ಅದಕ್ಕೆ ಅಫಿಡವಿಟ್ ಬೇಕು, ಅವಳಿಗೆ ಆದಾಯವಿಲ್ಲವೆಂಬ ಪತ್ರ ಬೇಕು, ಎರಡು ಮೂರು ಕಚೇರಿ ಅಲೆಯಬೇಕು. ಊರಿನವರ ಕಾಗದವೆಲ್ಲ ಮಾಡಿಸಿಕೊಟ್ಟ ನನಗೆ ಸ್ವಂತ ಅಕ್ಕನ ಕಾಗದಕ್ಕೆ ಬೇಸರ ಬಂತು. ಬಾಗಿಲಿಗೆ ಸರಿದವಳನ್ನು ಅಲ್ಲೇ ಬಿಟ್ಟೆ. ‘ಇತರ ಅವಲಂಬಿತರು’ ಎಂಬಲ್ಲಿ ‘ಇಲ್ಲ’ ಎಂದು ಬರೆದೆ.

ಮನೆಯಲ್ಲಿ ಹೆಂಡತಿ ಕೇಳಿದಳು. ಆಕೆ ಈಗಿಲ್ಲ. “ಗೋದಕ್ಕನ ಹೆಸರು?”

“ಅಕ್ಕ-ತಂಗೇರಿಗೆ ಬರಂಗಿಲ್ಲ. ಸರಕಾರದ ಕಾನೂನು.” ಆಕೆಯೂ ಗೋದಕ್ಕನೂ ನಂಬಿದರು. ಅರ್ಜಿಯ ವಿಷಯದಲ್ಲಿ ನನ್ನ ಮಾತನ್ನು ಯಾರು ತಾನೇ ನಂಬುವುದಿಲ್ಲ?

ಮುಂದಿನ ಪರಿಪಾಟಲು ಕೇಳಿ. ಗೋದಕ್ಕನಿಗೆ ಮೊಣಕಾಲು ನೋವು ಬಂದರೆ ಡಿಸ್ಪೆನ್ಸರಿಯಲ್ಲಿ ನಾನು ಕುಂಟುತ್ತಿದ್ದೆ. ಗುಳಿಗೆ ನನ್ನ ಹೆಸರಿಗೆ, ನುಂಗುವವಳು ಅವಳು. ಅಲ್ಲಿನ ಡಾಕ್ಟರಮ್ಮ ತೆಲುಗಿನವರು, ಒಮ್ಮೆ ಕನ್ನಡಕದ ಮೇಲಿಂದ ನೋಡಿ, “ಪೋಯಿನಸಾರಿ ಎಡಮ ಕಾಲು ಕದಂಡೀ?” ಎಂದರು. ಹೋದ ಸಲ ಎಡಗಾಲಲ್ಲವೇ ಎಂದು. ನಾನು ಅಂದು ಬಲಗಾಲು ಎಳೆದುಕೊಂಡು ಬಂದಿದ್ದೆ. ಮನೆಗೆ ಬಂದು ಹೇಳಿದರೆ ಗೋದಕ್ಕ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. “ನಾಟಕದ ಕಂಪನಿ ಸೇರಬೇಕಿತ್ತು ನೀ!”

ಆದರೆ ಅವಳ ಕಣ್ಣು ಮಂಜಾಗತೊಡಗಿದಾಗ ನಾನು ನಟಿಸಲು ಸಾಧ್ಯವಿರಲಿಲ್ಲ. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದು ಒಮ್ಮೆ ಅಂದಳು, ಆಮೇಲೆ ಸುಮ್ಮನಾದಳು. ತವೆಯ ಅಂಚು ತಪ್ಪಿ ಕೈ ಸುಟ್ಟುಕೊಂಡ ದಿನ ಖಾಸಗಿ ಡಾಕ್ಟರರ ಬಳಿ ಕರೆದೊಯ್ದೆ. ಎಡಗಣ್ಣಿನ ಒಳಗಿನ ಒತ್ತಡ ಏರಿ ನರವೇ ಸತ್ತಿತ್ತು. “ಮೊದಲೇ ಯಾಕೆ ತೋರಿಸಲಿಲ್ಲ?” ಎಂದು ಅವರು ಕೇಳಿದಾಗ ಗೋದಕ್ಕನೇ ಉತ್ತರಿಸಿದಳು. “ತಮ್ಮನ ಕಾರ್ಡಿನ್ಯಾಗ ನನ್ನ ಹೆಸರು ಬರಂಗಿಲ್ರಿ. ಸುಮ್ನ ಅವಗ್ಯಾಕ ತ್ರಾಸು ಕೊಡ್ಲಿ ಅಂತ ನಾನೇ ಹೇಳಲಿಲ್ಲ.”

ಮರುವಾರವೇ ಹೋಗಿ ಕಾರ್ಡಿಗೆ ಅವಳ ಹೆಸರು ಸೇರಿಸಲು ಅರ್ಜಿ ಕೊಟ್ಟೆ. “ಇತ್ತೇ ದಿನ್ ಕ್ಯಾ ಕರ್ರೇ ಥೇ ಸಾಬ್?” ಎಂದ ಗುಮಾಸ್ತ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು. ಬಲಗಣ್ಣು ಅದರಿಂದ ಉಳಿಯಿತು. ಮನೆಯಲ್ಲಿ ಮಾತ್ರ, “ಕಾನೂನು ಬದಲಾಗೇತಿ ಅಕ್ಕಾ” ಎಂದೆ. ಒಂದು ಸುಳ್ಳಿಗೆ ಇನ್ನೊಂದು ತೇಪೆ.

ನಿನ್ನೆ ಕುಲಕರ್ಣಿಯವರು ಅರ್ಜಿ ಓದುತ್ತಿದ್ದಾಗ ಗೋದಕ್ಕ ಅಲ್ಲೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವರು ಒಂದು ಸಾಲಿಗೆ ನಿಂತರು. “ವಿಧವೆ ಅಕ್ಕ-ತಂಗೇರೂ ಬರ್ತಾರಂತಲ್ರೀ. ಇದು ಹೊಸಾದೇನು?”

ಹೂಂ ಎಂದಿದ್ದರೆ ಸಾಕಿತ್ತು. ಎಪ್ಪತ್ತೈದು ದಾಟಿದವನಿಗೆ ಇನ್ನೊಂದು ಹೂಂ ಏನು ಭಾರ? ಆದರೆ ಬಾಯಿಗೆ ಬರಲಿಲ್ಲ.

“ಇಲ್ರಿ. ಮೊದಲಿಂದಲೂ ಐತಿ. ನಾನೇ ಬರೀಲಿಲ್ಲ.”

ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು. ಕುಲಕರ್ಣಿಯವರು ಏನೋ ನೆಪ ಹೇಳಿ ಮೇಲೆ ಹೋದರು. ಗೋದಕ್ಕ ಅಂದಳು:

“ಇಷ್ಟು ವರ್ಷ ಆ ಸರಕಾರಕ್ಕ ಎಷ್ಟು ಶಾಪ ಹಾಕೀನೋ ತಮ್ಮಾ.”

ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಅವಳು ಬೆಳ್ಳುಳ್ಳಿಯ ಬುಟ್ಟಿ ಎತ್ತಿಕೊಂಡು, ಗೋಡೆ ಸವರುತ್ತ ಒಳಗೆ ಹೋದಳು.

ದಿನವೂ ಬೆಳಿಗ್ಗೆ ಅವಳ ಬಲಗಣ್ಣಿಗೆ ಔಷಧಿಯ ಹನಿ ಬಿಡುವವನು ನಾನು. ಇವತ್ತು ಕರೆಯಲಿಲ್ಲ. ತಾನೇ ತಲೆ ಹಿಂದಕ್ಕೆ ಚಾಚಿ ಬಿಟ್ಟುಕೊಂಡಳು. ಮೊದಲ ಹನಿ ಹುಬ್ಬಿಗೆ, ಎರಡನೆಯದು ಕೆನ್ನೆಗೆ, ಮೂರನೆಯದು ಕಣ್ಣಿಗೆ. ನಾನು ಬಾಗಿಲಲ್ಲಿ ನಿಂತಿದ್ದೆ. ನಾಳೆಯೂ ಅದೇ ಹೊತ್ತಿಗೆ ನಿಲ್ಲುತ್ತೇನೆ. ಕರೆಯುವುದು ಬಿಡುವುದು ಅವಳಿಗೆ ಸೇರಿದ್ದು.