ಎಲ್ಲರೂ ‘ನಾ ಸತ್ತೆ’ ಅನ್ನುತ್ತಿದ್ದ ಅಂಗಡಿ

ಅಂಗಡಿಯ ಅಣ್ಣ ಈಜಿನ ಆ ಮಾತು ನಿಜವಾಗಿ ಆಡಿದ್ದನೇ, ಊರವರ ಬಾಯಲ್ಲಿ ಕೇಳಿ ಕೇಳಿ ನಾನೂ ಅಲ್ಲಿದ್ದೆನೆಂದು ನಂಬಿಕೊಂಡೆನೇ, ಖಾತ್ರಿಯಿಲ್ಲ. ಮೊನ್ನೆ ಕೊಪ್ಪಳದ ಕಚೇರಿಯಲ್ಲಿ ಮೂಲೆ ಸೇರಿದ್ದ ಕಂಪ್ಯೂಟರನ್ನು ಚಾಲೂ ಮಾಡಿದಾಗ ಕಾದ ಧೂಳಿನ ವಾಸನೆ ಬಂತು. ಗಂಗಾವತಿಯ ಆ ಗೇಮಿನ ಅಂಗಡಿ ತುಂಬ ಇದೇ ವಾಸನೆ ಇರುತ್ತಿತ್ತು...

ಅಂಗಡಿಯವನನ್ನು ನಾವು ಕಾಲೇಜಿನವರೆಲ್ಲ ಅಣ್ಣ ಎನ್ನುತ್ತಿದ್ದೆವು. ಅಲ್ಲಿ ಓಡುತ್ತಿದ್ದುದು ಹೆಚ್ಚಾಗಿ ಒಂದೇ ಆಟ: ಕಾರು ಕದಿಯುವುದು, ಪೊಲೀಸರ ಕೈಗೆ ಸಿಗದೆ ಊರು ಸುತ್ತುವುದು. ಅದರ ಭಾಗಗಳು ಬರುತ್ತಲೇ ಇದ್ದವು, ಊರುಗಳು ಬದಲಾಗುತ್ತಿದ್ದವು. ಪರದೆಯ ಮೇಲಿನವನು ಗುಂಡು ತಿಂದರೆ ಯಾರೂ ‘ಅವ ಸತ್ತ’ ಅನ್ನುತ್ತಿರಲಿಲ್ಲ. “ನಾ ಸತ್ನೆಪಾ!” ಅನ್ನುತ್ತಿದ್ದರು.

ಯಾವ ಭಾಗ ಮೇಲು ಎಂಬ ಜಗಳ ಮುಗಿಯುತ್ತಲೇ ಇರಲಿಲ್ಲ. ನಾವು ಕಂಡ ಮೊದಲನೆಯದರಲ್ಲಿ ಬೈಕೇ ಇರಲಿಲ್ಲ. ಆಮೇಲೆ ಬಂದ ಕಡಲತೀರದ ಊರೆಂದರೆ ನಮಗೆ ಪ್ರಾಣ. ಬೈಕು, ಹಾಡು, ಬಣ್ಣದ ದೀಪ. ಅಣ್ಣ ಮಾತ್ರ ಒಪ್ಪುತ್ತಿರಲಿಲ್ಲ.

“ಸುತ್ತೆಲ್ಲ ಸಮುದ್ರ ಐತಿ. ನೀರಾಗ ಬಿದ್ರ ಕಲ್ಲಿನಂಗ ಮುಳಗತಾನ. ಎಂಥಾ ದಾದಾಲೇ ಇವ?”

ಅವನ ಮೆಚ್ಚಿನದು ಮೂರು ಊರುಗಳ ಆಟ. ಅದರಲ್ಲಿ ನಾಯಕ ಈಜುತ್ತಿದ್ದ. ಮುಳುಗು ಹಾಕಿದಷ್ಟೂ ಅವನ ದಮ್ಮು ಬೆಳೆಯುತ್ತಿತ್ತು. ಮುಂದೆ ಬಂದ ಚಳಿಯ ಊರಿನ ಆಟದಲ್ಲಿ ಈಜಬಹುದಿತ್ತು, ಮುಳುಗು ಹಾಕುವಂತಿರಲಿಲ್ಲ. ಅದನ್ನು ಓಡಿಸಹೋದರೆ ಅಂಗಡಿಯ ಕಂಪ್ಯೂಟರುಗಳೇ ನಿಂತುಬಿಡುತ್ತಿದ್ದವು. “ಹೊಸಾದು ಅಂದ್ರ ಛಲೋ ಅಂತ ಯಾರ ಹೇಳ್ಯಾರ?” ಅಂದುಬಿಟ್ಟಿದ್ದ ಅಣ್ಣ.

ಒಂದು ಸಂಜೆ, ಆಡುತ್ತ ಆಡುತ್ತಲೇ, “ನನಗ ಈಗ ಈಸಾಕ ಬರ್ತೈತಿ ನೋಡ್ರಲೇ” ಅಂದ. ಈಜುವುದಕ್ಕೆ ನಮ್ಮಲ್ಲಿ ಈಸುವುದು ಅನ್ನುತ್ತಾರೆ. “ಟಾವೆಲ್ ತರ್ಲೇನಣ್ಣಾ?” ಎಂದು ಯಾರೋ ಕೆಣಕಿದರು. ಎಲ್ಲರೂ ನಕ್ಕೆವು. ಆಗ ಪರದೆಯ ಮೇಲಿನವನು ನೀರಿನಲ್ಲಿದ್ದನೇ, ರಸ್ತೆಯಲ್ಲಿದ್ದನೇ... ಎಷ್ಟು ತಿಣುಕಿದರೂ ಕಣ್ಣ ಮುಂದೆ ಬರುತ್ತಿಲ್ಲ.

ಆ ಮಳೆಗಾಲದಲ್ಲಿ ಅಣ್ಣ ವಿರೂಪಾಪುರಗಡ್ಡೆಯ ಹತ್ತಿರ ಹೊಳೆಯಲ್ಲಿ ಮುಳುಗಿ ಸತ್ತ. ಅಂಗಡಿಯ ಆ ಮಾತು ಊರೆಲ್ಲ ಹಬ್ಬಿತು. “ಗೇಮಿನ್ಯಾಗ ಈಸಿದ್ದು ಖರೇ ಅಂತ ತಿಳಕೊಂಡು ಹೊಳಿಗೆ ಹಾರ್ಯಾನ, ಹುಚ್ಚ” ಎಂದು ಚಹಾ ಕುಡಿಯುತ್ತ ನಗುವವರೂ ಇದ್ದರು.

ಮಾತಾಡಿಸಲು ಹೋದ ನನ್ನ ಕೈಯನ್ನು ಅವನ ತಾಯಿ ಹಿಡಿದುಕೊಂಡರು. “ತಮ್ಮಾ, ನೀ ಓದಿದಾಂವ ಅದಿ. ಅಲ್ಲೇ ಇರ್ತಿದ್ದಿ. ನನ್ನ ಮಗ ಅಷ್ಟು ದಡ್ಡ ಇದ್ನೇನಪಾ?”

ಅಲ್ಲ ಎನ್ನಬಹುದಿತ್ತು. ಆದರೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಳಬಾರದೆಂದು ನಾನು ಕಲಿತಿದ್ದೆ. ಆಮೇಲೂ ಸಂತೆಯಲ್ಲಿ ಸಿಕ್ಕಾಗಲೆಲ್ಲ ಅದನ್ನೇ ಕೇಳುತ್ತಿದ್ದರು. ಹೋದ ವರ್ಷ ಅವರೂ ತೀರಿಕೊಂಡರು...

ಕಚೇರಿಯಲ್ಲಿ ಆ ವಾಸನೆ ಬಂದ ವಾರವೇ ವಿರೂಪಾಪುರಗಡ್ಡೆಗೆ ಹೋದೆ. ಮೊದಲು ಹೊಳೆ ದಾಟಿಸಲು ಹರಗೋಲು ಹಾಕುತ್ತಿದ್ದ ಮುದುಕರೊಬ್ಬರನ್ನು ಹುಡುಕಿ ಕೇಳಿದೆ.

“ಆ ಕಂಪ್ಯೂಟರಿನಾಂವ ಏನ್ರಿ? ಬ್ಯಾಸಗಿ ತುಂಬ ಬಂದಾನ್ರಿ, ನಾನ ಕಲಿಸೇನಿ. ಅವತ್ತು ಹೊಳಿ ಒಮ್ಮಿಗೇ ಏರಿಬಿಡ್ತು. ನೀರಾಗ ನಾ ಇದ್ದಿದ್ರೂ ದಂಡಿ ಸೇರ್ತಿರಲಿಲ್ರಿ.”

ಒಬ್ಬರ ಮಾತು ಸಾಲದೆಂದು ಆಚೆಯ ಭತ್ತದ ಗದ್ದೆಯವರನ್ನೂ ಬೇರೆಯಾಗಿ ಕೇಳಿದೆ. ಆ ಬೇಸಗೆಯಲ್ಲಿ ಅವನು ಈಜುವುದನ್ನು ಅವರೂ ಕಣ್ಣಾರೆ ಕಂಡಿದ್ದರು. ಅಣ್ಣನಿಗೆ ಈಜು ಬರುತ್ತಿತ್ತು.